ಫ್ಲೆಕ್ಸಿನ ಹಿಂಬದಿ

"ಅದನ್ನ ಕಟ್ಬೇಡ ನಂಜೇಶಣ್ಣ, ಇಳ್ಸು."

ನಂಜೇಶ್ ಏಣಿಯ ಮೇಲಿಂದಲೇ, ಕೆಳಗೆ ನಿಂತಿದ್ದ ಭಾನುಪ್ರಿಯಾಳನ್ನು ನೋಡಿ ನಕ್ಕ. ಚಿಕ್ಕಯ್ಯನಛತ್ರದ ಪಕ್ಕದ ಆ ಊರಿನ ಯುವಕ ಸಂಘಕ್ಕೆ ಹದಿನೈದು ವರ್ಷದಿಂದ ಅವನೇ ಅಧ್ಯಕ್ಷ. ತಲೆ ನರೆತರೂ ಸಂಘ ಮಾತ್ರ ಯುವಕರದ್ದೇ. ಫ್ಲೆಕ್ಸಿನಲ್ಲಿ ಭಾನುಪ್ರಿಯಾಳ ಮುಖ ಬಾಗಿಲಿನಷ್ಟು ದೊಡ್ಡದಾಗಿತ್ತು. ಕೆಳಗೆ 'ಬ್ರಹ್ಮಾಂಡದ ಕಣ ಕಂಡುಹಿಡಿದ ನಮ್ಮ ಕೇರಿಯ ಮಗಳು. ಮಧ್ಯಾಹ್ನ ಮೂರಕ್ಕೆ ಸನ್ಮಾನ' ಎಂದಿತ್ತು.

"ನಾಚ್ಕೆ ಯಾಕವ್ವ? ಪೇಪರ್ನಲ್ಲೇ ಬಂದದೆ."

"ನಾನೇನೂ ಕಂಡಿಡಿದಿಲ್ಲ ಕಣಣ್ಣ. ಇಂಥದೊಂದು ಇರ್ಬೋದು ಅಂತ ಲೆಕ್ಕ ಹಾಕಿದ್ದೆ, ಅಷ್ಟೆ. ಆ ಲೆಕ್ಕಾನೂ ತಪ್ಪು."

ನಂಜೇಶ್ ಏಣಿ ಇಳಿದ. ಹಗ್ಗ ಸುತ್ತತೊಡಗಿದ.

ಗೆಲಾಕ್ಸಿಗಳನ್ನು ಚೆದುರದಂತೆ ಹಿಡಿದಿಟ್ಟಿರುವ, ಯಾವ ದೂರದರ್ಶಕಕ್ಕೂ ಕಾಣದ ವಸ್ತು ಎಂಥ ಕಣಗಳಿಂದ ಆಗಿದೆ ಎಂಬುದು ಭಾನುಪ್ರಿಯಾಳ ಸಂಶೋಧನೆ. ವಿಶ್ವ ಹುಟ್ಟಿದ ಹೊಸದರಲ್ಲಿ ಆ ಕಣಗಳು ಎಷ್ಟು ಜೋಡಿಯಾಗಿ ಅಳಿದವು, ಎಷ್ಟು ಉಳಿದವು ಎಂದು ನಾಲ್ಕು ವರ್ಷ ಲೆಕ್ಕ ಹಾಕಿ, ಕಣದ ತೂಕ ಇಷ್ಟಿರಬೇಕೆಂದು ಬರೆದಿದ್ದಳು. ಪ್ರಬಂಧ ಹೆಸರು ಮಾಡಿತ್ತು. ನಿನ್ನೆ ತಿ. ನರಸೀಪುರದ ಬಸ್ಸಿನಲ್ಲಿ ಹಳೆಯ ಪುಟ ತಿರುವುವಾಗ ತಪ್ಪು ಕಣ್ಣಿಗೆ ಬಿತ್ತು. ಅವಳ ಕಣಕ್ಕೆ ಬೇರೆ ಪ್ರತಿಕಣವಿಲ್ಲ, ಆ ಕಣವೇ ತನ್ನ ಪ್ರತಿಕಣವೂ ಹೌದು. ಬೇರೆ ಬೇರೆ ಎಂದುಕೊಂಡು ಒಂದೇ ಜೋಡಿಯನ್ನು ಎರಡು ಸಲ ಎಣಿಸಿದ್ದಳು. ತಿದ್ದಿದರೆ ಬರುವ ತೂಕದ ಕಣವನ್ನು ಪ್ರಯೋಗಗಳು ಆಗಲೇ ಹುಡುಕಿ, ಇಲ್ಲವೆಂದು ಹೇಳಿಯಾಗಿತ್ತು. ನಾಲ್ಕು ವರ್ಷದ ದುಡಿಮೆ ಮಣ್ಣುಪಾಲು.

"ನೋಡಮ್ಮ, ಸೋಮವಾರ ನಿನ್ನ ಸಂದರ್ಶನ," ಎಂದಿದ್ದರು ಅವಳ ಪ್ರೊಫೆಸರ್, ಬೆಳಿಗ್ಗೆ ಫೋನಿನಲ್ಲಿ. "ಕಾಯಂ ಕೆಲಸ. ಆರ್ಡರ್ ಕೈಗೆ ಬಂದ ಮೇಲೆ ತಿದ್ದುಪಡಿ ಕಳಿಸಿದರಾಯಿತು. ಈಗಲೇ ಒಪ್ಪಿಕೊಂಡರೆ ನಿಮ್ಮವರ ಬಗ್ಗೆ ಏನನ್ನುತ್ತಾರೆ, ಗೊತ್ತಲ್ಲ?"

ಗೊತ್ತಿತ್ತು. ಹತ್ತು ವರ್ಷದಿಂದ ಕ್ಯಾಂಟೀನಿನಲ್ಲಿ, ಲಿಫ್ಟಿನಲ್ಲಿ ಪಿಸುಮಾತಾಗಿ ಕೇಳಿದ್ದೇ. ಆ 'ನಿಮ್ಮವರು' ಎಂಬ ಮಾತಿಗೆ ಅವಳ ಮೈ ಉರಿದಿತ್ತು. ಆದರೂ ಹೆದರಿಕೆ. ವಯಸ್ಸಿನ ಮಿತಿ ಈ ವರ್ಷಕ್ಕೆ ಮುಗಿಯುತ್ತದೆ. ಈ ಕೆಲಸ ತಪ್ಪಿದರೆ ಇನ್ನೊಂದಿಲ್ಲ.

ಅವ್ವ ಚಿಕ್ಕಬಸಮ್ಮ ಮಧ್ಯಾಹ್ನ ನಾಟಿ ಮುಗಿಸಿ ಬಂದಳು. ಮಗಳಿಗೆ ಸನ್ಮಾನವೆಂದು ಗದ್ದೆ ಬಿಡುವ ಹೆಂಗಸಲ್ಲ. ಜಗಲಿಯಲ್ಲಿ ಕೂತು ಎಲ್ಲ ಕೇಳಿಸಿಕೊಂಡಳು.

"ತಪ್ಪು ಬ್ಯಾರೇರ್ಗೆ ಗೊತ್ತಾಗದಾ?"

"ಈಗ್ಲೇ ಇಲ್ಲ. ಒಂದೆರಡು ವರ್ಷಕ್ಕೆ ಯಾರಾದ್ರೂ ಕಂಡಿಡೀತಾರೆ."

"ತೆನೆ ಬಂದಾಗ ಗೊತ್ತಾದಂಗೆ." ಚಿಕ್ಕಬಸಮ್ಮ ಕಾಲಿನ ಕೆಸರು ಕೆರೆದಳು. "ನೀನು ಆರ್ನೇ ಕ್ಲಾಸಲ್ಲಿದ್ದೆ. ಗೌಡ್ರ ಎರಡು ಸಸಿಮಡಿ ಅಕ್ಕಪಕ್ಕ ಇದ್ವು. ಸಣ್ಣಭತ್ತದ ಪೈರು ಕೀಳೋ ಬದ್ಲು ದಪ್ಪಭತ್ತದ್ದು ಕಿತ್ಬುಟ್ಟೆ. ಎಲ್ಲಾ ನೆಟ್ಟಾದ್ಮೇಲೆ ಗೊತ್ತಾಯ್ತು. ಸುಮ್ನಿರು ಅಂದ್ರು ಜೊತೆಯೋರೆಲ್ಲ. ತೆನೆ ಬಂದ್ಮೇಲೆ ಕೇರಿಯೋರೆಲ್ಲ ಕಳ್ರು ಅನ್ನಿಸ್ಕಬೇಕಾ? ನಾನೇ ಓಗಿ ಏಳ್ದೆ. ಬಾಯಿಗ್ ಬಂದಂಗೆ ಬೈದ. ಕಿತ್ತು ನೆಟ್ಟೆ, ಮೂರು ದಿನ."

"ಆಮೇಲೆ?"

"ಆಮೇಲೇನು? ಎರಡು ವರ್ಸ ನಾಟಿಗೆ ಕರೀನಿಲ್ಲ. ಓಗ್ಲಾ ಅಂದೆ."

ಆ ಎರಡು ವರ್ಷ ಅವ್ವ ಬನ್ನೂರಿನ ಕಡೆ ಕಬ್ಬು ಕಡಿಯಲು ಹೋಗುತ್ತಿದ್ದುದು ಯಾಕೆಂದು ಭಾನುಪ್ರಿಯಾಗೆ ತಿಳಿದದ್ದು ಇವತ್ತು. ಅವಳು ಜಗಲಿಯ ಮೇಲೆಯೇ ಲ್ಯಾಪ್‌ಟಾಪ್ ತೆರೆದು, ಪ್ರಬಂಧ ಹಿಂತೆಗೆದುಕೊಳ್ಳುತ್ತೇನೆಂದು ಅದನ್ನು ಪ್ರಕಟಿಸಿದ್ದ ವಿಜ್ಞಾನ ಪತ್ರಿಕೆಗೆ ಬರೆದಳು. ಪ್ರೊಫೆಸರಿಗೂ ಸಂದರ್ಶನದ ಸಮಿತಿಗೂ ಪ್ರತಿ ಹೋಯಿತು.

"ಕಾರ್ಯಕ್ರಮ ಬ್ಯಾಡ್ವಾ ಅಂಗಾರೆ?" ಜಗಲಿಯ ಹತ್ತಿರ ಬಂದ ನಂಜೇಶ್ ಸಂಕಟದಿಂದ ಕೇಳಿದ.

"ಬೇಕು. ಫ್ಲೆಕ್ಸ್ ತಿರುಗ್ಸಿ ಕಟ್ಟು."

ಮೂರಕ್ಕೆ ಸಮುದಾಯ ಭವನ ತುಂಬಿತ್ತು. ಫ್ಲೆಕ್ಸಿನ ಬಿಳಿ ಹಿಂಬದಿಯ ಮೇಲೆ, ಸಂಘದ ಬೋರ್ಡಿಗೆಂದು ತಂದಿದ್ದ ಕರಿ ಬಣ್ಣದಲ್ಲಿ ಭಾನುಪ್ರಿಯಾ ತನ್ನ ಲೆಕ್ಕ ಬರೆಯತೊಡಗಿದಳು. ಎರಡು ಸಲ ಎಣಿಸಿದ ಜಾಗಕ್ಕೆ ಬಂದು, "ಇಲ್ಲೇ ನಾನು ತಪ್ಪಿದ್ದು," ಎಂದು ಅಲ್ಲಿದ್ದ ಅಂಕಿಯನ್ನು ಅಡ್ಡಗೆರೆ ಎಳೆದು ಹೊಡೆದು ಹಾಕಿದಳು.

ನಿವೃತ್ತ ಮೇಷ್ಟ್ರು ಕೃಷ್ಣಕುಮಾರ್ ಎದ್ದು ನಿಂತರು. "ತಪ್ಪು ಮಾಡ್ದೋರ್ಗೂ ಸನ್ಮಾನವೇನಮ್ಮ?"

"ಸನ್ಮಾನ ಬ್ಯಾಡಿ ಸಾ. ಕೂತ್ಕಂಡು ನೋಡಿ. ಈ ತಪ್ಪನ್ನ ಪ್ರಪಂಚದಲ್ಲಿ ಯಾರೂ ಹಿಡೀನಿಲ್ಲ. ಹಿಡಿದೋಳು ನಾನೇ."

ಮೇಜಿನ ಮೇಲೆ ಫೋನು ಗುಂಯ್‌ಗುಟ್ಟಿತು. ಪ್ರೊಫೆಸರ್ ಹೆಸರು. ಅವಳು ಬ್ರಷ್ಷನ್ನು ಮತ್ತೆ ಬಣ್ಣಕ್ಕೆ ಅದ್ದಿ ಮುಂದಿನ ಸಾಲು ಶುರುಮಾಡಿದಳು.

ಮುಂದಿನ ಕುರ್ಚಿಯಲ್ಲಿ ಚಿಕ್ಕಬಸಮ್ಮ ಕೂತಿದ್ದಳು. ಓದು ಬಾರದ ಅವಳು ಉಗುರಿನ ಸಂದಿಯ ಕೆಸರು ತೆಗೆಯುತ್ತ, ಕತ್ತು ಓರೆ ಮಾಡಿ, ಮಗಳು ಬರೆಯುತ್ತಿದ್ದ ಸಾಲು ನೆಟ್ಟಗಿದೆಯೇ ಎಂದು ನೋಡುತ್ತಿದ್ದಳು.