ಎಡಗೈಯ ತಾಳ

ವ್ಯಾನಿನಿಂದ ಎರಡನೇ ಡ್ರಮ್ ಇಳಿಸುವಷ್ಟರಲ್ಲಿ ಸತ್ಯಪ್ರಕಾಶ ಚಿತಾಗಾರದ ಗೇಟಿಗೆ ದಾಪುಗಾಲು ಹಾಕಿಕೊಂಡು ಬಂದೇಬಿಟ್ಟ.

"ಇಳಿಸಬೇಡಿ. ವಾಪಸ್ ತಗೊಂಡು ಹೋಗಿ."

ವಿನೋದಿನಿ ಡ್ರಮ್ ಹಿಡಿದೇ ನಿಂತಳು. ಅವಳ ಹಿಂದೆ ಡ್ರಮ್ ತಂಡದ ಐರಿಶ್ ಹೆಂಗಸರು ದೂರ ದೂರ ನಿಂತಿದ್ದರು. ಕೊರೊನಾ ಕಾನೂನು, ಒಳಗೆ ಹತ್ತು ಜನಕ್ಕಷ್ಟೇ ಅವಕಾಶ. ಅದಕ್ಕೇ ಫುಟ್‌ಪಾತಿನ ಮೇಲೆ ನುಡಿಸಿ ಸತ್ಯಪ್ರಕಾಶನ ಹೆಂಡತಿ ಭಾನುಮತಿಯನ್ನು ಕೊನೆಯ ಸಲ ಕಳಿಸಿಕೊಡಲು ಬಂದಿದ್ದರು.

"ಐದು ನಿಮಿಷ ಸಾಕು ಸತ್ಯಣ್ಣ. ಭಾನಕ್ಕನ ಗಾಡಿ ಬರುವಾಗ ನುಡಿಸಿ ಹೊರಟುಬಿಡ್ತೀವಿ."

"ಒಂದ್ಸಲ ಸ್ಟ್ರೋಕ್ ಆಗಿದ್ದೋಳನ್ನ ಕರ್ಕೊಂಡು ಹೋಗಿ ಡ್ರಮ್ ಹೊಡೆಸಿದ್ರಿ. ತಲೇಲಿ ನರ ಒಡೀದೆ ಇನ್ನೇನಾಗುತ್ತೆ? ರಿಸರ್ಚ್ ಅಂದ್ರಿ. ಈಗ ಮುಗೀತಲ್ಲ ನಿಮ್ಮ ರಿಸರ್ಚು?"

ಅಂಗಡಿಯವನು ಒಡೆದ ಹಾಲು ಕೊಟ್ಟರೂ ಥ್ಯಾಂಕ್ಯೂ ಹೇಳಿ ಬರುವ ಮನುಷ್ಯ ಅವನು. ಇವತ್ತು ಅವನ ದನಿಗೆ ರಸ್ತೆಯಾಚೆ ನಾಯಿ ಹಿಡಿದು ಹೊರಟಿದ್ದ ಮುದುಕರೂ ನಿಂತು ನೋಡಿದರು. ಮಗಳು ತೇಜು ಅಪ್ಪನ ತೋಳು ಹಿಡಿದಳು. ಅವಳಿಗೆ ಕನ್ನಡ ಅರ್ಥವಾಗುತ್ತದೆ, ಬಾಯಿಗೆ ಬರುವುದು ಇಂಗ್ಲಿಷೇ.

"ಡ್ಯಾಡ್, ಪ್ಲೀಸ್. ದೇ ಕೇಮ್ ಫಾರ್ ಹರ್."

*

ಮೊದಲ ಸಲ ಸ್ಟ್ರೋಕ್ ಆದಾಗ ಭಾನುಮತಿಯ ಎಡಗೈ ಯಾರದೋ ಕೈಯಂತೆ ಜೋತುಬಿತ್ತು. ವಿನೋದಿನಿ ಮೇನೂತ್ ವಿಶ್ವವಿದ್ಯಾಲಯದಲ್ಲಿ, ಜಪಾನಿನ ಟೈಕೊ ಡ್ರಮ್ ಕಲಿತರೆ ಮೈಗೂ ಮಿದುಳಿಗೂ ಏನಾಗುತ್ತದೆಂದು ಪರೀಕ್ಷಿಸುತ್ತಿದ್ದಳು. "ಸುಮ್ನೆ ಬಂದು ನೋಡಿ ಭಾನಕ್ಕ" ಎಂದು ಅವರ ಊರು ಟಾಲಾದಿಂದ ಕರೆದುಕೊಂಡು ಹೋದಳು.

ಟೈಕೊ ಮೊದಲು ಬಾಯಿಗೆ ಬರಬೇಕು, ಆಮೇಲೆ ಕೈಗೆ. ಡೊಕೊ ಡೊಕೊ. ಡೊ ಅಂದರೆ ಬಲಗೈ, ಕೊ ಅಂದರೆ ಎಡಗೈ. ಬಾಯಿ ಹೇಳಿದ್ದನ್ನು ಬಲಗೈ ಕೇಳಿತು, ಎಡಗೈ ತಿಂಗಳುಗಟ್ಟಲೆ ಕೇಳಲಿಲ್ಲ. ಕೇಳಿದ ದಿನ ಭಾನುಮತಿ ಮನೆಗೆ ಬಂದವಳೇ ಎರಡೂ ಕೈಯಲ್ಲಿ ಚಪಾತಿ ಹಿಟ್ಟು ನಾದಿ, ಗಂಡನನ್ನು ಕರೆದು ತೋರಿಸಿದಳು. ಅವನು ಅಡುಗೆಮನೆಯಲ್ಲಿ ನಿಂತು ಅತ್ತುಬಿಟ್ಟ.

ಆಮೇಲೆ ಮನೆಗೆ ಒಂದು ಹಳೇ ಕಾರಿನ ಟೈರ್ ಬಂತು. ಡ್ರಮ್ಮಿನ ಬದಲಿಗೆ ಟೇಪು ಸುತ್ತಿದ ಆ ಟೈರಿನ ಮೇಲೆ ದಿನವೂ ಅಭ್ಯಾಸ.

"ಪಕ್ಕದ ಮನೆಯೋರು ಗಾರ್ಡಾ ಪೊಲೀಸರಿಗೆ ಫೋನ್ ಮಾಡ್ತಾರೆ ಕಣೇ."

"ಮಾಡ್ಲಿ ಬಿಡಿ. ಅವರಿಗೂ ಒಂದು ಟೈರ್ ಕೊಟ್ರಾಯ್ತು."

ಲಾಕ್‌ಡೌನ್ ಬಂದ ಮೇಲೆ ಕ್ಲಾಸು ಝೂಮಿಗೆ ಬಂತು. ಅಂಥದ್ದೊಂದು ಕ್ಲಾಸು ಮುಗಿದ ಸಂಜೆಯೇ ಭಾನುಮತಿ ಮೆಟ್ಟಿಲ ಹತ್ತಿರ ಕುಸಿದಳು. ಆಸ್ಪತ್ರೆಯೊಳಗೆ ಯಾರನ್ನೂ ಬಿಡಲಿಲ್ಲ. ಅವಳು ಮತ್ತೆ ಕಣ್ಣು ಬಿಡಲಿಲ್ಲ.

*

ವಿನೋದಿನಿ ಡ್ರಮ್ ಕೆಳಗಿಟ್ಟಳು.

"ಬೈರಿ ಸತ್ಯಣ್ಣ. ಆದ್ರೆ ಸರಿಯಾದ್ದಕ್ಕೆ ಬೈರಿ. ಆವತ್ತು ಭಾನಕ್ಕನ 'ಕೊ' ತಡವಾಗಿ ಬರ್ತಿತ್ತು. ನಾನು ನೋಡ್ದೆ. ಝೂಮಲ್ಲಿ ಎಲ್ಲರದ್ದೂ ತಡಾನೇ. ನೆಟ್ ಸ್ಲೋ ಐತೆ, ವೈಫೈ ಹತ್ರ ಹೋಗಿ ಅಂದೆ. ಅವರೂ ನಕ್ಕರು. ನೆಟ್ ಸ್ಲೋ ಆದ್ರೆ ಎರಡು ಕೈನೂ ತಡ ಆಗ್ಬೇಕು. ಒಂದೇ ಕೈ ಆಗಲ್ಲ. ಅದನ್ನೇ ಓದಿದೋಳು ನಾನು, ನನಗೇ ಹೊಳೀಲಿಲ್ಲ. ಆಗ್ಲೇ ಆಂಬುಲೆನ್ಸ್ ಕರೀರಿ ಅಂದಿದ್ರೆ..."

ಈಗ ಅಪ್ಪ ಹೊಡೆದೇಬಿಡುತ್ತಾನೇನೋ ಎಂದು ತೇಜು ಅವನ ತೋಳು ಬಿಡದೆಯೇ ನಡುವೆ ಬಂದಳು. ಆದರೆ ಸತ್ಯಪ್ರಕಾಶನ ದನಿ ಇಳಿದುಹೋಗಿತ್ತು.

"ನಾನು ನೆಟ್ಟಲ್ಲಿ ಕೇಳ್ಲಿಲ್ಲ ಕಣಮ್ಮ. ಪಕ್ಕದ ರೂಮಲ್ಲೇ ಆಫೀಸ್ ಕೆಲ್ಸ ಮಾಡ್ತಾ ಕೂತಿದ್ದೆ. ದಿನಾ ಕೇಳಿ ಕೇಳಿ, ಅವಳು ಎಲ್ಲಿ ತಪ್ತಾಳೆ ಅಂತ ನನ್ನ ಮೈಗೇ ಗೊತ್ತಾಗ್ತಿತ್ತು. ಆವತ್ತೂ ಗೊತ್ತಾಯ್ತು."

"ಗೊತ್ತಾಗಿ?"

ಕೇಳಿದವಳು ತೇಜು. ಅಪರೂಪಕ್ಕೆ ಕನ್ನಡದಲ್ಲಿ.

"ಎದ್ದು ಹೋಗಿ ಬಾಗಿಲು ಹಾಕ್ಕೊಂಡು ಬಂದೆ. ಮೀಟಿಂಗ್ ಇತ್ತು."

ತೇಜು ಅಪ್ಪನ ತೋಳು ಬಿಟ್ಟು ದೂರ ಸರಿದಳು. ರಸ್ತೆಯ ತಿರುವಿನಲ್ಲಿ ಶವ ಹೊತ್ತ ಕಪ್ಪು ಕಾರು ಕಾಣಿಸಿತು.

"ನುಡಿಸಿ," ಎಂದ ಸತ್ಯಪ್ರಕಾಶ.

ಕಾರು ಗೇಟಿನ ಮುಂದೆ ನಿಂತಿತು. ಹೆಂಗಸರು ಒಬ್ಬರಾದ ಮೇಲೊಬ್ಬರು ತಮ್ಮ ಸರದಿ ನುಡಿಸಿದರು. ಸದ್ದು ಕಾಲಡಿಯಿಂದ ಎದೆಗೆ ಏರಿತು. ಸಾಲಿನ ನಡುವಿನ ಡ್ರಮ್ಮಿನ ಮುಂದೆ ಯಾರೂ ಇರಲಿಲ್ಲ, ಅದರ ಮೇಲೆ ಜೋಡಿ ಕೋಲುಗಳಷ್ಟೇ. ಭಾನುಮತಿಯ ಸರದಿ ಬಂದಾಗ ಎಲ್ಲರೂ ಕೈಯೆತ್ತಿ ನಿಲ್ಲಿಸಿ ಕಾದರು.

ತೇಜು ಹೋಗಿ ಅಲ್ಲಿ ನಿಂತಳು. ಎರಡೂ ಕೋಲು ಎತ್ತಿಕೊಂಡಳು. ಬಲಗೈಯಿಂದ ಒಂದು ಪೆಟ್ಟು ಹೊಡೆದಳು. ಆಮೇಲೆ ಅಪ್ಪನ ಮುಖ ನೋಡದೆ, ಎಡಗೈಯ ಕೋಲನ್ನು ಅವನತ್ತ ಚಾಚಿ ಹಿಡಿದಳು.