ಮೊದಲ ಹತ್ತು ಸೆಂಟಿಮೀಟರು

೧೯೭೮ರ ನವೆಂಬರ್ ೧೮, ಶನಿವಾರ, ಸಂಜೆ ನಾಲ್ಕು ಗಂಟೆ ಹತ್ತು ನಿಮಿಷ. ಶಿರಹಟ್ಟಿಯ ಮೈದಾನದಲ್ಲಿ ಹುಡುಗಿಯರ ಉದ್ದ ಜಿಗಿತದ ಫಲಿತಾಂಶವನ್ನು ಮೈಕಿನಲ್ಲಿ ಕೂಗಿದರು. ಪೇಟೆ ಶಾಲೆಯ ನರ್ಮದಾ, ನಾಲ್ಕು ಮೀಟರ್ ಐದು ಸೆಂಟಿಮೀಟರ್. ಬೆಳ್ಳಟ್ಟಿ ಹಳ್ಳಿಯ ಬೀರವ್ವ, ಮೂರು ಮೀಟರ್ ತೊಂಬತ್ತೊಂಬತ್ತು. ಧಾರವಾಡದ ಜಿಲ್ಲಾ ಕ್ರೀಡಾಕೂಟಕ್ಕೆ ಹೋಗುವವಳು ಮೊದಲು ಬಂದವಳೊಬ್ಬಳೇ.

ನರ್ಮದಾಗೆ ತನ್ನ ಅಂಕಿಯ ಮೇಲೆ ಅನುಮಾನ ಬಂತು. ಅಳತೆಯ ಹೊಣೆ ಹೊತ್ತಿದ್ದವರು ಅವಳ ಅಪ್ಪ, ವಿಜ್ಞಾನದ ಮಾಸ್ತರ ಶ್ರೀಪಾದರು. ಪೇಟೆಯವರು ಬೆಳಿಗ್ಗೆ ಜಿಗಿಯುವುದು, ಹಳ್ಳಿಯವರು ಊಟದ ನಂತರ ಜಿಗಿಯುವುದು ಅಲ್ಲಿನ ರೂಢಿ. ಬೆಳಿಗ್ಗೆ ಬಳಸಿದ್ದು ಮನೆಯ ಹಳೆಯ ಬಟ್ಟೆ ಟೇಪು. ಅದರ ಮೊದಲ ಹತ್ತು ಸೆಂಟಿಮೀಟರ್ ಎಂದೋ ಹರಿದುಹೋಗಿತ್ತು. ಮನೆಯಲ್ಲಿ ಏನನ್ನೇ ಅಳೆದರೂ ಅಪ್ಪ ಹತ್ತು ಕಳೆಯುತ್ತಿದ್ದರು. ಇಂದು ಹರಿದ ತುದಿಯನ್ನು ಜವಾನ ಮಹಬೂಬಸಾಬ ಹಿಡಿದಿದ್ದ. ಇನ್ನೊಂದು ತುದಿಯಲ್ಲಿ ನಿಂತು ಓದಿ ಬರೆದ ಅಪ್ಪ ಗದ್ದಲದಲ್ಲಿ ಕಳೆಯುವುದನ್ನು ಮರೆತಿದ್ದರು. ಮಧ್ಯಾಹ್ನದ ಬಸ್ಸಿಗೆ ಲಕ್ಷ್ಮೇಶ್ವರದಿಂದ ಹೊಸ ಉಕ್ಕಿನ ಟೇಪು ಬಂತು. ಹಳ್ಳಿಯವರ ಜಿಗಿತವನ್ನು ಅದರಲ್ಲಿ ಅಳೆದರು.

ಬಾಯಿ ಬಿಟ್ಟರೆ ಹೋಗುವುದು ಧಾರವಾಡ ಒಂದೇ ಅಲ್ಲ. ಅಜ್ಜಿ ಭಾಗೀರಥಿಬಾಯಿ ನಿನ್ನೆಯೇ ಹೇಳಿಬಿಟ್ಟಿದ್ದರು: "ಮೊದಲನೇ ನಂಬರ ಬಂದ್ರ ಆಡು. ಇಲ್ಲಾಂದ್ರ ಇದ ಕಡೀದು. ಇಷ್ಟುದ್ದ ಹುಡುಗಿ ಮಂದಿ ಮುಂದ ಜಿಗದದ್ದು ಸಾಕು." ಆಮೇಲೆ ಶಾಲೆ, ದೇವರ ಕೋಣೆ, ಹೂಬತ್ತಿ, ಅಷ್ಟೇ.

ಪಕ್ಕದಲ್ಲಿ ಬೀರವ್ವ ಕುಳಿತು ಕಾಲ್ಬೆರಳ ಸಂದಿಯ ಮರಳು ಕೊಡವುತ್ತಿದ್ದಳು.

"ಅಕ್ಕಾ, ಆರು ಸೆಂಟಿಮೀಟರ ಅಂದ್ರ ಎಷ್ಟರ?"

ನರ್ಮದಾ ಮೂರು ಬೆರಳು ಜೋಡಿಸಿ ತೋರಿಸಿದಳು.

"ಇಷ್ಟ ಏನ? ಯವ್ವಾ, ನಮ್ಮಪ್ಪನ ಮೀಸಿ ಇದಕಿಂತ ಉದ್ದ ಐತಿ!" ಎಂದು ಬೀರವ್ವ ನಕ್ಕಳು. ನಗು ಬೇಗ ಇಳಿಯಿತು. "ಇಲ್ಲಿಗೆ ಬರಾಕ ಅವ್ವನ ಕೂಡ ಎರಡು ದಿನ ಜಗಳಾ ತಗದೇನಿ. ಸೋಮಾರದಿಂದ ಮತ್ತ ಕುರಿ ಹಿಂದ."

ನರ್ಮದಾ ಎದ್ದು ಅಪ್ಪನ ಮೇಜಿನ ಬಳಿ ಹೋದಳು.

"ಅಪ್ಪಾ, ಹಳೇ ಟೇಪಿಂದು ಹತ್ತು ಕಳದೀರೇನು?"

ಶ್ರೀಪಾದರ ಪೆನ್ನು ನಿಂತಿತು. ಪಟ್ಟಿಯನ್ನೊಮ್ಮೆ, ಮಗಳನ್ನೊಮ್ಮೆ ನೋಡಿದರು.

"ಮೈಕಿನಾಗ ಹೇಳಿ ಮುಗೀತಲ್ಲ. ಸುಮ್ನಿರು." ದನಿ ತಗ್ಗಿಸಿದರು. "ಅಜ್ಜಿ ಏನಂದಾಳ, ನೆನಪದನೋ ಇಲ್ಲೋ?"

"ಅದ."

"ಹಂಗಾದ್ರ ನೀನ ತಿದ್ದು. ನನ್ನ ಕೈ ಏಳೂದಿಲ್ಲ." ಅವಳು ಹಿಂಜರಿಯಲಿ ಎಂದೇ ಅವರು ಪೆನ್ನನ್ನು ಮುಂದೆ ಚಾಚಿದ್ದರು.

ನರ್ಮದಾ ಪೆನ್ನು ತೆಗೆದುಕೊಂಡಳು. ತನ್ನ ಹೆಸರಿನ ಮುಂದಿದ್ದ ಅಂಕಿಗೆ ಗೆರೆ ಎಳೆದು, ಅದರ ಪಕ್ಕದಲ್ಲಿ ಬರೆದಳು: ೩.೯೫ ಮೀಟರ್.