ಬಾಯಿಬಿಟ್ಟ ಬೀವರ್

ಹಿಮ ಒಡೆಯುವ ಹಡಗು ಬಂದು ಗುದ್ದಿದರೂ ಮುಳುಗುವುದು ಹಡಗೇ ಹೊರತು ಐವಾರ್ ಸುಂಡ್‌ಕ್ವಿಸ್ಟ್ ಕಟ್ಟಿದ ಯಂತ್ರದ ಬೀವರ್ ಅಲ್ಲ. ಈ ಹಲ್ಲುಬ್ಬಿದ ನೀರುಪ್ರಾಣಿಯ ಮೂಗು ಒತ್ತಿದರೆ ಸಾಕು, ಅದರ ಅಗಲ ಬಾಲ ತೊಟ್ಟಿಯ ನೀರಿಗೆ ಪಟಾರನೆ ಬಡಿಯುತ್ತದೆ. ಅಮೆರಿಕದ ಡುಲೂತ್‌ನಲ್ಲಿ ಬಡಿದ ಆ ಸದ್ದಿಗೆ ಸರೋವರದಾಚೆ ಕೆನಡಾದ ಹಸುಗೂಸುಗಳು ಎದ್ದು ಕೂರುತ್ತವೆ.

ಮಕ್ಕಳ ಮ್ಯೂಸಿಯಂನ ನಿರ್ದೇಶಕಿ ಕಾಲೀನ್ ಮಾತ್ರ ಅವನ ಬಡಾಯಿಯ ಜೊತೆ ಕೆನಡಾದವರೆಗೆ ಹೋಗಲಿಲ್ಲ. "ಮಂಗಳವಾರ ಶಿಶುವಿಹಾರದ ಮಕ್ಕಳು ಬರ್ತಾರೆ. ಒಂದು ಗಂಟೆ ಬಾಲ ಬಡೀಲಿ, ಹಾಲ್ ನಿಂದು. ನಿಂತ್ಹೋಯ್ತೋ, ಅಲ್ಲಿ ಟಚ್‌ಸ್ಕ್ರೀನ್ ಬರತ್ತೆ."

"ಗಂಟೆನಾ? ನೂರು ವರ್ಷ ಬಡಿಯತ್ತೆ!"

"ನಿಯಮ ನೆನಪಿರಲಿ ಮಾರಾಯ. ಪರೀಕ್ಷೆ ಹೊತ್ತಲ್ಲಿ ಕಟ್ಟಿದವನು ತುಟಿ ಬಿಚ್ಚೋ ಹಾಗಿಲ್ಲ. ಮಕ್ಕಳು ತಾವೇ ಮುಟ್ಟಿ ಕಂಡ್ಕೋಬೇಕು. ಹೋದ್ಸಲ ಕಪ್ಪೆ ಪುರಾಣ ಕೊರೆದು ಇಬ್ಬರನ್ನ ಮಲಗಿಸಿದೆ."

"ಛೆ, ನಾನು ಕಲ್ಲು ಕೂತ್ಹಾಗೆ ಕೂತಿದ್ದೆ!"

ಮಂಗಳವಾರ ಬೆಳಿಗ್ಗೆ ಬಾಲದ ಮೋಟಾರು ಒಮ್ಮೆ ಬುಸುಗುಟ್ಟಿ, ಹೊಗೆ ಬಿಟ್ಟು ಪ್ರಾಣ ಬಿಟ್ಟಿತು. ಮಕ್ಕಳ ಬಸ್ಸು ಆಗಲೇ ಬಾಗಿಲಲ್ಲಿತ್ತು. ಐವಾರ್ 'ಗಂಟಲು ಕಟ್ಟಿದೆ, ಮನೇಲಿದ್ದೀನಿ' ಎಂದು ಚೀಟಿ ಅಂಟಿಸಿ, ತನ್ನ ಆರಡಿ ದೇಹವನ್ನು ಮೂರಡಿಗೆ ಮಡಚಿ, ಬೀವರ್ ಕೂತಿದ್ದ ಮರದ ದಿಮ್ಮಿಗಳ ಗೂಡಿನೊಳಗೆ ತೂರಿಕೊಂಡ.

ಮಕ್ಕಳು ಮೂಗು ಒತ್ತಿದರು. ಸಂದಿಯಲ್ಲಿ ಇಣುಕುತ್ತಿದ್ದ ಐವಾರ್ ಬಾಲಕ್ಕೆ ಕಟ್ಟಿದ್ದ ಹಗ್ಗ ಎಳೆದ. ಪಟಾರ್! ನೀರು ಸೂರಿಗೆ ಚಿಮ್ಮಿತು, ಕೇಕೆ ಅದಕ್ಕೂ ಮೇಲೆ. ಐವತ್ತೈದು ನಿಮಿಷದಲ್ಲಿ ಮುನ್ನೂರು ಸಲ ಎಳೆದು ಅವನ ಭುಜ ಕಳಚಿ ಕೈಗೆ ಬರುವಂತಿತ್ತು. ಕಾಲೀನ್ ಗಡಿಯಾರ ನೋಡಿ ಮುಗುಳ್ನಕ್ಕಳು. ಇನ್ನು ಐದೇ ನಿಮಿಷ.

ಆಗ ಕೆಂಪು ಟೊಪ್ಪಿಗೆಯ ವಿಲ್ಲಾ ಎಂಬ ಹುಡುಗಿ ಬೀವರ್‌ನ ಹಲ್ಲು ಸವರಿ ಗೆಳತಿಗೆ ಪಾಠ ಹೇಳಿದಳು: "ಇದು ಈ ಹಲ್ಲಲ್ಲಿ ಮೀನು ಕಚ್ಚಿ ತಿನ್ನತ್ತೆ."

ಐವಾರ್ ತುಟಿ ಕಚ್ಚಿದ.

"ದಿನಾ ಹತ್ತು ಮೀನು."

ಮುಷ್ಟಿ ಬಾಯಿಗೆ ತುರುಕಿಕೊಂಡ.

"ಕಪ್ಪೆನೂ ತಿನ್ನತ್ತೆ."

"ಇಲ್ಲಾ!" ಬೀವರ್ ಗುಡುಗಿತು. "ಮರದ ತೊಗಟೆ! ಬರೀ ತೊಗಟೆ, ಸೊಪ್ಪು! ಮೀನು ಮೂಸಿಯೂ ನೋಡಲ್ಲ!"

ವಿಲ್ಲಾ ಬಾಗಿ ಬೀವರ್‌ನ ಕಿವಿಯಲ್ಲಿ ಕೇಳಿದಳು: "ಕಪ್ಪೆನೂ ಇಲ್ವಾ?"

ಕಾಲೀನ್ ಗೂಡಿನ ಹಿಂಬಾಗಿಲು ತೆರೆದಳು. "ಗಂಟಲು ವಾಸಿಯಾಯ್ತಾ ಐವಾರ್?"

"ಮೋಟಾರು... ಸಿಡಿಲು ಬಡೀತು, ಕಾಲೀನ್."

"ಈ ಮಾರ್ಚಿನ ಹಿಮದಲ್ಲಿ, ಕಟ್ಟಡದೊಳಗೆ? ನಿಜ ಹೇಳು. ಮೋಟಾರು ಸಾಯೋ ಮುಂಚೆ ಬಾಲ ಎಷ್ಟು ಸಲ ಬಡೀತು?"

"ಒಂದು ಲಕ್ಷ..."

ಅವಳು ಹಗ್ಗದ ತುದಿ ಎತ್ತಿ ಹಿಡಿದಳು.

"ಏಳು," ಎಂದ ಐವಾರ್, ಭುಜ ತಿಕ್ಕಿಕೊಳ್ಳುತ್ತ. "ಅದ್ರಲ್ಲೂ ಎರಡು ಸಲ ನಾನೇ ಎಳೆದದ್ದು."